ಪುರವರದಲ್ಲಿ ರೈಲು ನಿಂತದ್ದು

ಮಧುಗಿರಿಯಲ್ಲಿ ಚಿಕ್ಕಹನುಮಕ್ಕನ ಕೈಯಿಂದ ಏಟು ತಿನ್ನದೆ ಉಳಿದದ್ದು ಎರಡೇ: ಒಂದು ಬೆಟ್ಟ, ಇನ್ನೊಂದು ಇನ್ನೂ ಹುಟ್ಟದ ಕೂಸು. ಬೆಟ್ಟದ ವಿಷಯದಲ್ಲೂ ಅನುಮಾನವಿದೆ. ಅದರ ಒಂದು ಮಗ್ಗುಲು ಅಷ್ಟು ನುಣ್ಣಗಾದದ್ದು ಹೇಗೆ ಎಂದು ಇವತ್ತಿಗೂ ಯಾರೂ ಸರಿಯಾಗಿ ಹೇಳಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದು ಕೋಳಿ ಅಂಗಡಿ. ತೂಕದಲ್ಲಿ ಮೋಸ ಎಂದವನ ಕೆನ್ನೆಗೆ ಒಂದು ಬಿಟ್ಟರೆ ಅವನು ಮೈಲಿಗಟ್ಟಲೆ ಆಚೆಯ ಪುರವರದ ಕೆರೆ ಏರಿಯ ಮೇಲೆ ಹೋಗಿ ಎದ್ದು ಕೂರುತ್ತಿದ್ದ. ಒಬ್ಬ ಕುಡುಕ ಏಟು ತಿಂದ ಮೇಲೆ ಹೆಂಡತಿಯ ಹೆಸರು ಮರೆತು ಚಿಕ್ಕಹನುಮಕ್ಕನ ಹೆಸರನ್ನೇ ಜಪಿಸುತ್ತ ಒಂದು ವಾರ ಓಡಾಡಿದನಂತೆ. ಪೊಲೀಸರು ಅವಳ ಮೇಲೆ ದೂರು ಬರೆದುಕೊಳ್ಳುವುದನ್ನೇ ಬಿಟ್ಟಿದ್ದರು. ಬರೆಯಲು ಹೋದರೆ ಠಾಣೆಯಲ್ಲಿ ಕಾಗದ ಮುಗಿಯುತ್ತಿತ್ತು.

ಈ ಕೈ ಹುಟ್ಟುತ್ತಲೇ ಹೀಗಿರಲಿಲ್ಲ. ಅವಳ ತೌರು ಪುರವರ. ಹದಿನಾರರ ವಯಸ್ಸಿನಲ್ಲಿ, ಜ್ವರದಿಂದ ಸುಡುತ್ತಿದ್ದ ತಾಯಿ ಕೆಂಚಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ಹುಣಸೆಮರದ ಕೆಳಗೆ ಕೂರಿಸಿಕೊಂಡು ಬಸ್ಸಿಗೆ ಕಾದಿದ್ದಳು. ಮೊದಲನೇ ಬಸ್ಸು ನಿಲ್ಲಲಿಲ್ಲ. ಎರಡನೆಯದೂ ನಿಲ್ಲಲಿಲ್ಲ. ಮೂರನೆಯದು ಬರುವ ಹೊತ್ತಿಗೆ ಕೆಂಚಮ್ಮನಿಗೆ ಬಸ್ಸು ಬೇಕಿರಲಿಲ್ಲ. ಆ ಮೂರನೇ ಬಸ್ಸಿನ ಮುಂದಿನ ಗಾಜನ್ನು ಹುಡುಗಿ ಬರಿಗೈಯಲ್ಲಿ ಗುದ್ದಿ ಪುಡಿ ಮಾಡಿದಳು. ಅವತ್ತು ಎದ್ದ ಕೈ ಆಮೇಲೆ ಇಳಿಯಲಿಲ್ಲ.

ಹೋದ ವರ್ಷ ಒಂದು ದಿನ ಅವಳು ಕೋಳಿ ಕತ್ತರಿಸುತ್ತಿದ್ದಾಗ ಮಾಳಿಗೆಯಿಂದ ಗಾರೆ ಕಳಚಿ ತಕ್ಕಡಿಗೆ ಬಿತ್ತು. ಮತ್ತೊಂದು ಚಕ್ಕೆ ನೆತ್ತಿಗೇ ಬಿತ್ತು. ಮೇಲಿನ ಕೋಣೆಗೆ ಯಾರೋ ಬಾಡಿಗೆಗೆ ಬಂದಿದ್ದರು.

"ಯಾವನ್ಲಾ ಅದು ಮ್ಯಾಲೆ? ಇರು, ನಿನ್ ಮೂಳೆ ಎಣಿಸಿ ತೂಕಕ್ಕೆ ಹಾಕ್ತೀನಿ!" ಎಂದು ಮಚ್ಚು ಹಿಡಿದೇ ಮೆಟ್ಟಿಲು ಹತ್ತಿದಳು.

ಮೇಲೆ ಮೂವರು ಗಂಡಸರು ಬೆನ್ನು ಬಗ್ಗಿಸಿ ನಿಂತಿದ್ದರು. ಅವರ ಮುಂದೆ ಕೋಣೆಯಗಲದ ಹಲಗೆ. ಹಲಗೆಯ ಮೇಲೆ ಕೊರಟಗೆರೆ, ಮಧುಗಿರಿ, ಪಾವಗಡ, ಸಿರಾ ಎಂದು ನಾಲ್ಕು ಪುಟ್ಟ ಸ್ಟೇಷನ್ನು. ನಡುವೆ ಮಧುಗಿರಿ ಬೆಟ್ಟ. ನಮ್ಮ ಬೆಟ್ಟ ಥರ್ಮಾಕೋಲಿನದಾದರೆ ಮರ್ಯಾದೆ ಏನು ಉಳಿಯಿತೆಂದು ಅದನ್ನು ಸಿಮೆಂಟಿನಲ್ಲೇ ಎರಕ ಹೊಯ್ದಿದ್ದರು. ಕೆಳಗೆ ಗಾರೆ ಉದುರುತ್ತಿದ್ದದ್ದು ಅದರ ಭಾರಕ್ಕೆ. ಆ ಬೆಟ್ಟ ಸುತ್ತಿಕೊಂಡು, ಗೇಣುದ್ದದ ರೈಲೊಂದು ಗುರ್ರೆನ್ನುತ್ತ ಬಂದು ಮಧುಗಿರಿಯಲ್ಲಿ ನಿಂತಿತು.

ನಿಂತಿತು ನೋಡಿ, ಅದೇ ಸಾಕಾಯಿತು. ಎತ್ತಿದ ಮಚ್ಚು ಎತ್ತಿದಂತೆಯೇ ಚಿಕ್ಕಹನುಮಕ್ಕ ಕಂಬವಾದಳು.

"ಇದು ಎಲ್ಲಾ ಕಡೆ ನಿಲ್ತದಾ?" ಎಂದಳು ಕೊನೆಗೆ.

"ನಿಲ್ಸಿದ್ ಕಡೆ ನಿಲ್ತದೆ ಕಣಮ್ಮ" ಎಂದರು ಚಂದ್ರಶೇಖರ್ ಮೇಷ್ಟ್ರು, ಮಚ್ಚು ಕಂಡೊಡನೆ ನುಗ್ಗಿದ್ದ ಹಲಗೆಯ ಕೆಳಗಿನಿಂದ. ಕೊರಟಗೆರೆಯ ಈ ನಿವೃತ್ತ ವಿಜ್ಞಾನ ಮೇಷ್ಟ್ರೇ ಪುಟಾಣಿ ರೈಲು ಸಂಘದ ಅಧ್ಯಕ್ಷರು. ಪಾವಗಡದ ಎಣ್ಣೆ ಮಿಲ್ಲಿನ ನಂದೀಶ್ವರಯ್ಯ, ಸಿರಾದಲ್ಲಿ ಲಾರಿಗಳಿಗೆ ಬಣ್ಣ ಬರೆಯುವ ತಿಪ್ಪೇಶ್ ಉಳಿದಿಬ್ಬರು. ಅವರಿಬ್ಬರೂ ಕಿಟಕಿಯ ಸರಳಿಗೆ ಜೋತುಬಿದ್ದಿದ್ದರು.

ಅವತ್ತೇ ಅವಳು ಸಂಘ ಸೇರಿದಳು. ಬೇಡ ಎನ್ನುವ ಗಂಡು ಅಲ್ಲಿರಲಿಲ್ಲ. ಮಚ್ಚು ಕೆಳಗಿನ ಮೆಟ್ಟಿಲಲ್ಲೇ ಇರಬೇಕು ಎಂಬ ಒಂದು ನಿಯಮ ಮಾತ್ರ ಹೊಸದಾಗಿ ಬಂತು. ತಿಂಗಳೊಪ್ಪತ್ತಿನಲ್ಲಿ ಹಳಿ ಜೋಡಿಸಲು, ತಂತಿ ಬೆಸೆಯಲು ಕಲಿತಳು. ಒಂದು ಸಂಜೆ ಮೆಲ್ಲಗೆ ಕೇಳಿದಳು.

"ಮೇಷ್ಟ್ರೇ, ಪುರವರಕ್ಕೊಂದು ಸ್ಟೇಷನ್ ಇಕ್ಕಾನ."

"ಪುರವರ ಈ ದಾರೀಲೇ ಇಲ್ವಲ್ಲಕ್ಕಾ!" ಎಂದ ತಿಪ್ಪೇಶ್.

"ನಿಮ್ ಸಿರಾ ಯಾವ್ ದಾರೀಲೈತೋ? ಹಳಿ ಬಗ್ಸಿ ತಂದಿಲ್ವಾ ನೀನು?"

ಮೇಷ್ಟ್ರು ಯೋಚಿಸಿದರು. ಆ ವಾರವಷ್ಟೇ ಅವಳು ಹಾಲಿನವನ ದವಡೆ ಸರಿಸಿದ್ದಳು. "ಆಗ್ಲಮ್ಮ. ಆದ್ರೆ ಆಯುಧಪೂಜೆಗೆ ಹೊಸಾ ಇಂಜಿನ್ ಓಡೋವರ್ಗೂ ನೀನು ಯಾರ್ ಮೇಲೂ ಕೈ ಮಾಡ್ಬಾರ್ದು. ಮಾಡ್ದೋ, ಪುರವರ ಕಿತ್ತಾಕ್ತೀನಿ."

"ಮಾತು ಅಂದ್ರೆ ಮಾತು" ಎಂದಳು. ಹುಣಸೆಮರ ನೆಟ್ಟಳು, 'ಪುರವರ' ಎಂದು ಹಳದಿ ಬೋರ್ಡು ನಿಲ್ಲಿಸಿದಳು. ತಿಪ್ಪೇಶ್ ಶೇಂಗಾ ಬೀಜದಷ್ಟು ಗಾತ್ರದ, ಕೆಂಪು ಸೀರೆಯ ಮುದುಕಿಯೊಂದನ್ನು ಬಣ್ಣ ಹಚ್ಚಿ ಕೊಟ್ಟ. ಅದನ್ನು ಮರದ ಕೆಳಗೆ ಕೂರಿಸಿದಳು.

ಆಮೇಲೆ ಅವಳು ಪಟ್ಟ ಪಾಡು ಹುಲಿ ಉಪವಾಸ ಮಾಡಿದಂತೆ. ಸಿಟ್ಟೆಲ್ಲ ಕೋಳಿಯ ಮೇಲೆ ಹೋಯಿತು. ಆ ದಿನಗಳಲ್ಲಿ ಮಧುಗಿರಿಯಲ್ಲಿ ಸಾರು ಉಂಡವರಿಗೆ ಒಂದು ಮೂಳೆಯೂ ಸಿಗಲಿಲ್ಲ, ಎಲ್ಲ ಪುಡಿ. ಬೇಕೆಂದೇ ಕೆಣಕಲು ಬಂದವರ ಎದುರು ಅವಳು ಅಂಗಡಿಯ ಬಾಗಿಲು ಕಚ್ಚಿ ನಿಲ್ಲುತ್ತಿದ್ದಳು. ಚೌಕಟ್ಟಿನಲ್ಲಿ ಹಲ್ಲಿನ ಗುರುತು ಈಗಲೂ ಇದೆ.

ಆಯುಧಪೂಜೆ ಬಂತು. ಚಿಕ್ಕಹನುಮಕ್ಕನ ಮಚ್ಚೂ ತೊಳೆಸಿಕೊಂಡು, ಕುಂಕುಮ ಇಡಿಸಿಕೊಂಡು ದೇವರ ಗೂಡಿನಲ್ಲಿ ಮಲಗಿತು. ಪೂಜೆ ಮಾಡಿದ ಆಯುಧವನ್ನು ಮಾರನೇ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅವತ್ತು ಆಯುಧಗಳಿಗೆಲ್ಲ ರಜೆ. ಕೈಗಳಿಗೆ ರಜೆ ಕೊಟ್ಟವರಿಲ್ಲ.

ಮೇಲೆ ಹೊಸ ಇಂಜಿನ್ನಿಗೆ ಹಾರ ಹಾಕಿ, ವಿಭೂತಿ ಬಳಿದು, ಬೂದುಗುಂಬಳ ಒಡೆದದ್ದಾಯಿತು. ಇನ್ನು ಗಾಡಿಯೆಂದ ಮೇಲೆ ಚಕ್ರಕ್ಕೆ ನಿಂಬೆಹಣ್ಣು ಬೇಡವೆ? ಚಿಕ್ಕಹನುಮಕ್ಕ ಸಂತೆಯಲ್ಲೇ ದಪ್ಪನೆಯ ಹಣ್ಣುಗಳನ್ನು ಆರಿಸಿ ತಂದಿದ್ದಳು. ಒಂದೊಂದೂ ಇಂಜಿನ್ನಿನ ಅರ್ಧದಷ್ಟಿತ್ತು. ಭಕ್ತಿಯಿಂದ ಹಳಿಯ ಮೇಲಿಟ್ಟಳು. ಯಾರೂ ಬೇಡವೆನ್ನಲಿಲ್ಲ. ಆಯುಷ್ಯವೆಲ್ಲ ಚಲನೆಯ ನಿಯಮ ಪಾಠ ಮಾಡಿದ್ದ ಮೇಷ್ಟ್ರೇ ಕೈಮುಗಿದು ರೈಲು ಓಡಿಸುವ ಗುಂಡಿಯನ್ನು ಪೂರ್ತಿ ತಿರುಗಿಸಿದರು.

ಇಂಜಿನ್ ನಿಂಬೆಹಣ್ಣಿಗೆ ಗುದ್ದಿತು, ಅದರ ಮೇಲೆ ಹತ್ತಿತು, ಪಲ್ಟಿ ಹೊಡೆದು ನೆಲಕ್ಕೆ ಬಿದ್ದು ಮೂತಿ ಮುರಿದುಕೊಂಡಿತು. ನಿಂಬೆಹಣ್ಣಿಗೆ ಗೀರೂ ಬೀಳಲಿಲ್ಲ.

"ಅಪಶಕುನ" ಎಂದ ನಂದೀಶ್ವರಯ್ಯ. "ಇಂಜಿನ್ ಮೂತಿನ ಸಿರಾ ಕಡೆ ತಿರುಗ್ಸಿದ್ದು ಯಾರ್ರಾ? ಮೊದ್ಲು ಪಾವಗಡ ಅಂತ ಮಾತಾಗಿತ್ತಾ ಇಲ್ವಾ?"

"ಅರೆ, ಜಬಾನ್ ಸಂಭಾಳ್ಸು, ನಾಲ್ಗೆ ಬಿಗಿ ಹಿಡಿ!" ಎಂದ ತಿಪ್ಪೇಶ್. "ಪಾವಗಡದಿಂದ ಏನ್ ಹೊತ್ಕೊಂಡ್ ಬರ್ಬೇಕು ರೈಲು, ಬಿಸ್ಲಾ?"

"ಏಮಿರಾ ಅಂಟಾವ್? ಚಂಪೇಸ್ತಾ ನಿನ್ನ!" ಎಂದು ನಂದೀಶ್ವರಯ್ಯ ತೆಲುಗಿಗೆ ತಿರುಗಿ, ಕೊಂದೇಬಿಡುತ್ತೇನೆಂದು ಗುಡುಗಿದ.

ಮೊದಲು ಒಂದು ಬೋಗಿ ಹಾರಿ ತಿಪ್ಪೇಶನ ಹುಬ್ಬು ಸೀಳಿತು. ಅವನು ಪಾವಗಡ ಸ್ಟೇಷನ್ನನ್ನು ಬೇರುಸಹಿತ ಕಿತ್ತು ನಂದೀಶ್ವರಯ್ಯನ ಕಿವಿಗೆ ಅಪ್ಪಳಿಸಿದ. ಬಿಡಿಸಲು ಬಂದ ಮೇಷ್ಟ್ರ ಮೂಗಿಗೆ ಎರಡು ಕಡೆಯಿಂದಲೂ ಮೊಣಕೈ ಬಿತ್ತು. ಕನ್ನಡಕ ಚೂರಾಯಿತು, ಕೊರಟಗೆರೆಯ ಪ್ಲಾಟ್‌ಫಾರಂ ತುಂಬ ರಕ್ತ ತೊಟ್ಟಿಕ್ಕಿತು. ತಿಪ್ಪೇಶ್ ಹಲಗೆಗೆ ಒದ್ದ. ಮಧುಗಿರಿ ಬೆಟ್ಟವೇ ಉರುಳಿ ನಂದೀಶ್ವರಯ್ಯನ ಪಾದದ ಮೇಲೆ ಕೂತಿತು. ಅವನು ಹಾಕಿದ ಕೂಗಿಗೆ ಕೆಳಗೆ ಪಂಜರದ ಕೋಳಿಗಳು ಹೊತ್ತಿಗೆ ಮುಂಚೆ ಮೊಟ್ಟೆಯಿಟ್ಟವು.

ಚಿಕ್ಕಹನುಮಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಗೆ ಆತು ನಿಂತಿದ್ದಳು. ಹಲಗೆಯ ಮೇಲೆ ನೆಟ್ಟಗೆ ಉಳಿದದ್ದು ಪುರವರ ಒಂದೇ. ಅವಳ ಕಣ್ಣು ಆ ಕೆಂಪು ಸೀರೆಯ ಮೇಲಿತ್ತು.

ನಂದೀಶ್ವರಯ್ಯ ಕುಂಟುತ್ತಲೇ ಎದ್ದ. ಕೈಗೆ ಸಿಕ್ಕ ತಂತಿಯನ್ನು ತಿಪ್ಪೇಶನ ಕುತ್ತಿಗೆಗೆ ಸುತ್ತಿ, ಬೆನ್ನಿಗೆ ಮಂಡಿಯೂರಿ ಎಳೆದ. ಈಗ ಯಾರೂ ಬೈಯುತ್ತಿರಲಿಲ್ಲ. ತಿಪ್ಪೇಶನ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಮುಖ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ನಾಲಿಗೆ ಹೊರಬಂತು.

"ಬುಡಣ್ಣ ನಂದೀಶಣ್ಣ. ಸಾಯ್ತಾನೆ" ಎಂದಳು ಚಿಕ್ಕಹನುಮಕ್ಕ.

ಅವನಿಗೆ ಕೇಳಿಸಲಿಲ್ಲ. ಹಿಮ್ಮಡಿಯ ಸದ್ದು ನಿಧಾನವಾಯಿತು.

ಅವಳು ಒಮ್ಮೆ ಪುರವರದ ಕಡೆ ನೋಡಿದಳು. ಕಂಕುಳಿಂದ ಬಲಗೈ ತೆಗೆದಳು. ಒಂದೇ ಏಟು. ನಂದೀಶ್ವರಯ್ಯನ ಮುಂದಿನ ಹಲ್ಲು ಗೋಡೆಗೆ ತಾಗಿ, ತಿರುಗಿ ಬಂದು ಅವನ ಜೇಬಿಗೇ ಬಿತ್ತು. ಹಿಂದೆಯೇ ಅವನೂ ಬಿದ್ದ. ತಿಪ್ಪೇಶ್ ಕೊಕ್ ಕೊಕ್ ಎಂದು ಉಸಿರೆಳೆದ.

ಅವಳೇ ಹೋಗಿ ಪುರವರದ ಬೋರ್ಡು ಕಿತ್ತು ಮೇಷ್ಟ್ರ ಕೈಗಿಟ್ಟಳು. ಕೆಂಪು ಸೀರೆಯವಳನ್ನು ಮಾತ್ರ ಸೆರಗಿಗೆ ಗಂಟು ಹಾಕಿಕೊಂಡು, ಒಡೆದ ಕುಂಬಳಕಾಯಿ ತುಳಿಯುತ್ತ ಕೆಳಗಿಳಿದಳು.

ಮಾರನೇ ದಿನ ವಿಜಯದಶಮಿ. ಮಚ್ಚನ್ನು ಗೂಡಿನಿಂದ ತೆಗೆಯುತ್ತಿದ್ದಾಗ ಮೂವರೂ ಅಂಗಡಿಗೆ ಬಂದರು. ಮೇಷ್ಟ್ರ ಮೂಗಿಗೆ ಹತ್ತಿ, ತಿಪ್ಪೇಶನ ಕುತ್ತಿಗೆಗೆ ಬಟ್ಟೆ, ನಂದೀಶ್ವರಯ್ಯನ ಬಾಯಿಗೆ ಕರವಸ್ತ್ರ.

"ಸಂಘದ ವಿಚಾರಣೆ" ಎಂದರು ಮೇಷ್ಟ್ರು ಗಂಭೀರವಾಗಿ. "ನಂದೀಶ್ವರಯ್ಯನೋರೇ, ನಿಮಗೆ ಹೊಡ್ದೋರು ಯಾರು?"

ನಂದೀಶ್ವರಯ್ಯ ಕರವಸ್ತ್ರ ಸರಿಸಿದ. "ಯಾರ್ ಹೊಡೀತಾರೆ ಮೇಷ್ಟ್ರೇ ನಂಗೆ? ಬೆಟ್ಟ ಬಿತ್ತು."

"ಕಾಲ್ ಮೇಲೆ ತಾನೇ ಬಿದ್ದಿದ್ದು?"

"ಪುಟಿದು ಮೂತಿಗೂ ಬಂತು. ಸಿಮೆಂಟು ಜಾಸ್ತಿ ಆಗೋಗಿತ್ತು." ಅವನು ಚಿಕ್ಕಹನುಮಕ್ಕನ ಮುಖ ನೋಡಲಿಲ್ಲ. ಅವನ ಕಣ್ಣು ತಿಪ್ಪೇಶನ ಕುತ್ತಿಗೆಯ ಬಟ್ಟೆಯ ಮೇಲಿತ್ತು. "ಬೀಳ್ದೇ ಇದ್ದಿದ್ರೆ ನಾನಿವತ್ತು ಜೈಲಲ್ಲಿರ್ತಿದ್ದೆ."

"ನಾನೂ ನೋಡ್ದೆ. ಬೆಟ್ಟಾನೇ" ಎಂದ ತಿಪ್ಪೇಶ್, ಕಟ್ಟಿದ ದನಿಯಲ್ಲಿ.

ಎಲ್ಲರೂ ಮೇಲೆ ಹೋದರು. ರಾತ್ರಿಯೇ ಹಳಿ ಜೋಡಿಸಿದ್ದರು, ಪುರವರದ ಬೋರ್ಡು ಆಗಲೇ ತನ್ನ ಜಾಗದಲ್ಲಿತ್ತು. ಇಂಜಿನ್ನಿನ ಮುರಿದ ಮೂತಿಗೆ ತಿಪ್ಪೇಶ್ ಎಂ-ಸೀಲ್ ಮೆತ್ತಿದ್ದ. ಅದು ಹಂದಿಮರಿಯಂತೆ ಕಾಣುತ್ತಿತ್ತು. ಚಿಕ್ಕಹನುಮಕ್ಕ ಸೆರಗಿನ ಗಂಟು ಬಿಚ್ಚಿ ಮುದುಕಿಯನ್ನು ಮರದ ಕೆಳಗೆ ಕೂರಿಸಿದಳು. ನಿಂಬೆಹಣ್ಣಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ರೈಲು ಹೊರಟಿತು. ಗುಂಡಿ ತಿಪ್ಪೇಶನ ಕೈಯಲ್ಲಿತ್ತು. ನಾಲ್ಕೇ ಸ್ಟೇಷನ್ನಿನ ಅಭ್ಯಾಸಬಲ, ನೋಡಿ. ಪುರವರ ಬಂತು, ಹೋಯಿತು, ರೈಲು ನಿಲ್ಲದೆ ಮುಂದೆ ಸಾಗಿತು.

ಚಿಕ್ಕಹನುಮಕ್ಕನ ಬಲಗೈ ಮೇಲೆದ್ದಿತು.

"ನಿಲ್ಸೋ! ಹಿಂದಕ್ ತಗಳ್ಲಾ!" ಎಂದು ಮೇಷ್ಟ್ರೂ ನಂದೀಶ್ವರಯ್ಯನೂ ಒಟ್ಟಿಗೆ ಕಿರುಚಿ ನೆಲಕ್ಕೆ ಕೂತರು. ತಿಪ್ಪೇಶ್ ಕಣ್ಣು ಮುಚ್ಚಿಕೊಂಡೇ ಗುಂಡಿ ಹಿಂದಕ್ಕೆ ತಿರುಗಿಸಿದ. ರೈಲು ಮೆಲ್ಲಗೆ ಹಿಂದೆ ಸರಿದು ಹುಣಸೆಮರದ ಎದುರು ನಿಂತಿತು.

ಎದ್ದ ಕೈ ಇಳಿದು, ಎರಡು ಬೆರಳಲ್ಲಿ ಕೆಂಪು ಸೀರೆಯ ಮುದುಕಿಯನ್ನು ಎತ್ತಿಕೊಂಡಿತು. ಬೋಗಿಯ ಬಾಗಿಲು ತೆರೆಯುವಂಥದ್ದಲ್ಲ. ಹಾಗಾಗಿ ಟಾಪಿನ ಮೇಲೆ ಕೂರಿಸಿದಳು. ಆ ಕಡೆಯ ಬಸ್ಸುಗಳಲ್ಲೂ ಅರ್ಧ ಊರು ಕೂರುವುದು ಅಲ್ಲೇ.

"ರೈಟ್ ಹೋಗ್ಲಿ" ಎಂದಳು.