ಇಂಚಿನ ಬೋಲ್ಟು, ಮಿಲಿಮೀಟರ್ ತೂತು

ಯಶವಂತಪುರದಲ್ಲಿ ಬೋಲ್ಟು ಮುರಿದುಕೊಂಡವರೆಲ್ಲ ಕೊನೆಗೆ ಮೆಕ್ಯಾನಿಕ್ ದಸ್ತಗೀರ್ ಸಾಬರ ಶೆಡ್ಡಿಗೆ ಬರುತ್ತಿದ್ದರು. ಮುರಿಯುವ ಮೊದಲು ಯಾರೂ ಬರುತ್ತಿರಲಿಲ್ಲ. ಆಯಿಲ್ ಬದಲಿಸಲು, ಬ್ರೇಕ್ ನೋಡಲು ಮತ್ತಿಕೆರೆಯಿಂದ ಹೆಬ್ಬಾಳದವರೆಗೆ ಬೇಕಾದಷ್ಟು ಗ್ಯಾರೇಜುಗಳಿದ್ದವು. ಸುಲಭದ ಕೆಲಸವನ್ನು ಅವರು ಮಾಡಿಕೊಂಡು, ಕೈಮೀರಿದ್ದನ್ನು ಇಲ್ಲಿಗೆ ತಳ್ಳಿಕೊಂಡು ಬರುತ್ತಿದ್ದರು. ಇಪ್ಪತ್ತೆರಡು ವರ್ಷ ಸಾಬರು ಮಾಡಿದ್ದು ಅದೊಂದನ್ನೇ.

ಅವರದೊಂದು ಪದ್ಧತಿಯಿತ್ತು. ಬೋಲ್ಟು ಕೆಡಿಸಿದವನೇ ಬಂದು ಎದುರಿಗೆ ಕೂರಬೇಕು. ಎಷ್ಟು ಸುತ್ತು ಸಲೀಸಾಗಿ ಹೋಯಿತು, ಎಲ್ಲಿ ಬಿಗಿಯಾಯಿತು, ಸ್ಪಾನರಿಗೆ ಪೈಪು ಸಿಕ್ಕಿಸಿ ಎಳೆದದ್ದುಂಟೋ, ಎಲ್ಲ ಹೇಳಬೇಕು. ಅದನ್ನು ಕೇಳದೆ ಅವರು ಇಂಜಿನ್ ಮುಟ್ಟುತ್ತಿರಲಿಲ್ಲ. ಕೇಳಿದ್ದಕ್ಕೆ ಸಿಗುತ್ತಿದ್ದ ಉತ್ತರ ಮಾತ್ರ ಒಂದೇ: "ನಾನ್ ಮುಟ್ಟೇ ಇಲ್ಲ ಸಾಬ್ರೇ, ಅದೇ ಮುರ್ಕೊಂಡ್ತು." ಯಶವಂತಪುರದ ಬೋಲ್ಟುಗಳೆಲ್ಲ ಬದುಕಿ ಬೇಸರವಾಗಿ ತಾವಾಗಿಯೇ ಪ್ರಾಣ ಬಿಡುತ್ತಿದ್ದವು. ಕಬ್ಬಿಣದ ಕೆಲಸಕ್ಕಿಂತ ಈ ಉತ್ತರ ಕೇಳಿಯೇ ಸಾಬರು ಹೆಚ್ಚು ಸವೆದರು ಎಂದು ನನ್ನ ಅಂದಾಜು.

ನನ್ನ ನಟ್ಟು ಬೋಲ್ಟಿನ ಅಂಗಡಿ ಅವರ ಶೆಡ್ಡಿಗೆ ಅಂಟಿಕೊಂಡಿತ್ತು. ನಡುವೆ ಒಂದು ತಗಡು. ಎರಡಕ್ಕೂ ಮಾಲೀಕರು ಚಿಕ್ಕಬೈರಪ್ಪ ಗೌಡರು. ನಾವು ಕೂತಿದ್ದ ಜಾಗ ಒಂದು ಕಾಲಕ್ಕೆ ಅವರ ತಂದೆಯ ರಾಗಿ ಹೊಲ. ಎಂಬತ್ತನಾಲ್ಕರ ಬೇಸಿಗೆಯಲ್ಲಿ ಟೈರಿನ ವ್ಯಾಪಾರಿಯೊಬ್ಬ ಸಾಬರ ಶೆಡ್ಡಿನ ಮೇಲೆ ಕಣ್ಣಿಟ್ಟಿದ್ದ. ಗೌಡರಿಗೂ ಮನಸ್ಸಿತ್ತು, ಹಳೆಯ ಬಾಡಿಗೆದಾರನನ್ನು ಎಬ್ಬಿಸಲು ಒಂದು ನೆಪ ಸಿಕ್ಕಿರಲಿಲ್ಲ.

ಒಂದು ಬೆಳಿಗ್ಗೆ ಅವರು ತಮ್ಮ ಬಿಳಿ ಫಿಯೆಟ್ಟನ್ನು ಶೆಡ್ಡಿಗೆ ತಂದರು. ರೇಡಿಯೇಟರಿನ ರಬ್ಬರ್ ಪೈಪು ಇಂಜಿನ್ನಿಗೆ ಸೇರುವ ಬಾಗಿದ ಕೊಳವೆ, ಎಲ್ಬೋದಿಂದ ನೀರು ಸೋರುತ್ತಿತ್ತು. ಎಲ್ಬೋ ಬಿಚ್ಚಬೇಕೆಂದರೆ ಒಂದು ಬೋಲ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಗೌಡ್ರೇ, ಇದನ್ನ ಯಾರ್ ಹಾಕಿದ್ದು?" ಸಾಬರು ಕೇಳಿದರು.

"ಯಾರೂ ಆಕಿಲ್ಲ. ಕಂಪ್ನಿಯಿಂದ ಇಂಗೇ ಬಂದೈತೆ."

"ನೀವೇನಾದ್ರೂ ಬಿಗಿ ಮಾಡಿದ್ರಾ?"

"ನಾನ್ಯಾಕ್ ಮಾಡ್ಲಿ? ಸ್ಪಾನರ್ ಇಡ್ಯೋದೂ ನಂಗ್ ಬರಾಕಿಲ್ಲ."

ಬಿಗಿಯಾಗಿ ಕೂರಬೇಕಾದ ಹದಿಮೂರು ನಂಬರಿನ ಸ್ಪಾನರು ಆ ಬೋಲ್ಟಿನ ತಲೆಯ ಮೇಲೆ ಕೂದಲೆಳೆಯಷ್ಟು ಆಡುತ್ತಿತ್ತು. ಹತ್ತು ವರ್ಷದ ಹಿಂದಾಗಿದ್ದರೆ ಏನೋ ಎಡವಟ್ಟಿದೆ ಎಂದು ಸಾಬರು ಅಲ್ಲಿಗೇ ಕೈ ತೆಗೆಯುತ್ತಿದ್ದರು. ಅವತ್ತು, ತುಕ್ಕು ತಿಂದಿರಬೇಕು ಅಂದುಕೊಂಡರಂತೆ. ಸೀಮೆಎಣ್ಣೆ ಬಿಟ್ಟು ಕಾದರು. ಬ್ಲೋ ಲ್ಯಾಂಪಿನಿಂದ ಸುತ್ತ ಬಿಸಿ ಮಾಡಿದರು. ಒಂದಿಷ್ಟು ಮುಂದಕ್ಕೆ, ಒಂದಿಷ್ಟು ಹಿಂದಕ್ಕೆ, ಮತ್ತೆ ಎಣ್ಣೆ. ಹನ್ನೊಂದು ಗಂಟೆಗೆ ಟಕ್ ಎಂದಿತು. ಬೋಲ್ಟಿನ ತಲೆ ಸ್ಪಾನರಿನೊಳಗೆ ಬಂತು. ಮುಂಡ ಇಂಜಿನ್ ಹೆಡ್ಡಿನೊಳಗೆ ಮಟ್ಟಸವಾಗಿ ಉಳಿಯಿತು.

"ಮುರ್ದೇ ಬುಟ್ರಾ?" ಗೌಡರ ದನಿಯಲ್ಲಿ ದುಃಖಕ್ಕಿಂತ ನೆಮ್ಮದಿಯೇ ಕೇಳಿಸಿತು. "ಸಾಬ್ರೇ, ಸಂಜೆ ಒತ್ಗೆ ಇದು ಒಂದ್ ತೊಟ್ಟೂ ಸೋರ್ಬಾರ್ದು. ಎಡ್ಡು ಕೆಟ್ರೆ ತಿಂಗ್ಳ ಕೊನೆಗೆ ಶೆಡ್ ಖಾಲಿ ಮಾಡ್ಬುಡಿ. ಟೈರ್‌ನೋನು ಕಾಯ್ತಾವ್ನೆ."

ಸಾಬರು ಆ ತಲೆಯನ್ನು, ತಗಡಿನಾಚೆಯಿಂದ ಬಂದು ನಿಂತಿದ್ದ ನನ್ನ ಕೈಗಿಟ್ಟರು. "ಶೆಟ್ರೇ, ಇದರ ಮೇಲೆ ಏನ್ ಬರ್ದಿದೆ ನೋಡಿ. ನಂಗ್ ಕಾಣ್ಸಲ್ಲ." ಹೆಂಡತಿ ಫರೀದಾ ಮಾಡಿಸಿಕೊಟ್ಟ ಕನ್ನಡಕ ಗ್ರೀಸಾಗುತ್ತದೆಂದು ಜೇಬಿನಲ್ಲೇ ಇತ್ತು.

ಮಸಿ ಒರೆಸಿ ನೋಡಿದೆ. ಮೂರು ಗೆರೆ. ಫಿಯೆಟ್ಟಿನದು ಮಿಲಿಮೀಟರ್ ಲೆಕ್ಕದ ಬೋಲ್ಟು, ತಲೆಯ ಮೇಲೆ ಅಂಕಿ ಇರುತ್ತದೆ. ಮೂರು ಗೆರೆಯದು ಇಂಚಿನ ಲೆಕ್ಕದ್ದು, ಅಂಬಾಸಡರಿನದು. ಎರಡೂ ನೋಡಲು ಅವಳಿಜವಳಿ. ಇಂಚಿನದನ್ನು ಮಿಲಿಮೀಟರ್ ತೂತಿಗೆ ಹಾಕಿದರೆ ಎರಡು ಸುತ್ತು ಒಳ್ಳೆಯ ಅಳಿಯನ ಹಾಗೆ ಹೋಗುತ್ತದೆ, ಆಮೇಲೆ ತೂತಿನೊಳಗಿನ ಸುರುಳಿಗೆರೆ, ಅಂದರೆ ಥ್ರೆಡ್ಡನ್ನು, ತಿನ್ನುತ್ತ ಸೊಟ್ಟಗೆ ನುಗ್ಗುತ್ತದೆ. ನನ್ನ ಅಂಗಡಿಯಲ್ಲಿ ಎರಡೂ ಒಂದೇ ಡಬ್ಬದಲ್ಲಿದ್ದವು. ಹೋದ ತಿಂಗಳು ಗೌಡರು ಬಂದು ಒಂದನ್ನು ಆರಿಸಿಕೊಂಡು ಹೋಗಿದ್ದರು.

ತುಕ್ಕು ಹಿಡಿದಿದೆ, ಏನೂ ಕಾಣುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಗೌಡರು ನನಗೂ ಮಾಲೀಕರೇ. ಇಂಥ ಹೊತ್ತಿನಲ್ಲಿ ವ್ಯಾಪಾರಿಗಳಿಗೆ ಕೆಮ್ಮು ಬರುತ್ತದೆ, ನನಗೂ ಬಂತು. ಅಷ್ಟರಲ್ಲಿ ಸಾಬರು ಡ್ರಿಲ್ಲು ಕೈಗೆತ್ತಿಕೊಂಡಿದ್ದರು. ಒಳಗಿನ ಬೋಲ್ಟು ಸೊಟ್ಟಗೆ ಕೂತಿದೆಯೆಂದು ತಿಳಿಯದೆ ನೇರವಾಗಿ ಕೊರೆದರೆ ಡ್ರಿಲ್ಲು ಉಕ್ಕನ್ನು ಬಿಟ್ಟು ಮೆತ್ತನೆಯ ಅಲ್ಯೂಮಿನಿಯಮ್ಮಿಗೆ ಜಾರುತ್ತದೆ. ಅದರಾಚೆ ನೀರು ಹರಿಯುವ ದಾರಿ. ಅದು ತೂತಾದರೆ ಹೆಡ್ಡು ಗುಜರಿಗೆ, ಶೆಡ್ಡು ಟೈರಿನವನಿಗೆ.

"ಸಾಬ್ರೇ, ನಿಲ್ಸಿ," ಎಂದೆ. "ಇಂಚಿಂದು ಇದು. ನನ್ನ ಅಂಗಡೀದೇ. ಗೌಡ್ರೇ, ಹೋದ್ ತಿಂಗ್ಳು ನೀವೇ ತಗೊಂಡು ಹೋದ್ರಲ್ಲ. ಯಾವ್ ಗಾಡಿಗೆ ಅಂತ ನಾನೂ ಕೇಳ್ಲಿಲ್ಲ, ನೀವೂ ಹೇಳ್ಲಿಲ್ಲ."

ಗೌಡರು ತುಮಕೂರು ರಸ್ತೆಯ ಲಾರಿಗಳನ್ನು ಸ್ವಲ್ಪ ಹೊತ್ತು ನೋಡಿದರು. "ಎಲ್ಡ್ ಸುತ್ತು ಚೆನ್ನಾಗೇ ಓಯ್ತು. ಆಮ್ಯಾಕೆ ಓಗ್ಲಿಲ್ಲ. ಪಂಪ್‌ಸೆಟ್ ಪೈಪ್ ಸಿಗಾಕ್ಸಿ ಒಸಿ ಎಳ್ದೆ."

"ಒಸಿ ಅಂದ್ರೆ?" ಸಾಬರು ಕೇಳಿದರು.

"ಇಬ್ರು ನಿಂತ್ಕೊಂಡು."

"ಇದನ್ನ ಬೆಳಿಗ್ಗೆನೇ ಹೇಳಿದ್ರೆ ನಾನು ಮುರೀತಾನೇ ಇರ್ಲಿಲ್ಲ ಗೌಡ್ರೇ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು.

ಕನ್ನಡಕ ಹೊರಗೆ ಬಂತು. ಬೋಲ್ಟಿನ ನಡುವೆ ಪಂಚಿನಿಂದ ಒಂದು ಚುಕ್ಕಿ ಕುಟ್ಟಿದರು. ನನ್ನ ಕೈಗೆ ಮೂಲೆಮಟ್ಟ ಕೊಟ್ಟು, ಡ್ರಿಲ್ಲು ಯಾವ ಕಡೆ ವಾಲುತ್ತದೆ ಹೇಳುತ್ತಿರಿ ಎಂದರು. ಬೋಲ್ಟು ವಾಲಿದ ಕಡೆಗೇ ಡ್ರಿಲ್ಲನ್ನೂ ವಾಲಿಸಿ ಮೊದಲು ಸಣ್ಣದು, ಆಮೇಲೆ ಅದಕ್ಕಿಂತ ದಪ್ಪದ್ದು ಹಾಕಿ ಕೊರೆದರು. ಉಳಿದ ಸಿಪ್ಪೆಯನ್ನು ಮುಳ್ಳು ತೆಗೆಯುವವರ ಹಾಗೆ ಸೂಜಿಮೊನೆಯಿಂದ ಕಿತ್ತರು. ಒಳಗೆ ಥ್ರೆಡ್ಡು ಹೆಸರಿಗೂ ಉಳಿದಿರಲಿಲ್ಲ. ತೂತನ್ನು ನೆಟ್ಟಗೆ ದೊಡ್ಡದು ಮಾಡಿ ಹೊಸ ಥ್ರೆಡ್ಡು ಕೊಯ್ದರು. ಕೊಯ್ಯುವ ಟ್ಯಾಪು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಎದುರಿನ ಲೇತಿನ ನಜೀರ್ ಗಿಡ್ಡ ಕೊಳವೆಯಂಥ ಹಿತ್ತಾಳೆಯ ಬುಷ್ ಮಾಡಿಕೊಟ್ಟ, ಒಳಗೂ ಥ್ರೆಡ್ಡು, ಹೊರಗೂ ಥ್ರೆಡ್ಡು. ಅದನ್ನು ತೂತಿಗೆ ತಿರುಗಿಸಿ ಕೂರಿಸಿ, ಎಲ್ಬೋ ಇಟ್ಟು, ಅಂಕಿ ಇರುವ ಬೋಲ್ಟು ಹಾಕಿದಾಗ ನಾಲ್ಕು ದಾಟಿತ್ತು. ಸಾಬರ ಊಟದ ಡಬ್ಬ ತೆರೆದಿರಲಿಲ್ಲ.

ಇಂಜಿನ್ ಕಾಯುವವರೆಗೂ ಓಡಿಸಿದರು. ಗೌಡರು ಎಲ್ಬೋದ ಕೆಳಗೆ ಬೆರಳಾಡಿಸಿ, ಒಣಗಿದ್ದ ಬೆರಳನ್ನೇ ಪಂಚೆಗೆ ಒರೆಸಿಕೊಂಡರು.

"ಆಯ್ತು ಬುಡಿ. ನೀವೇ ಇರಿ. ಟೈರ್‌ನೋನ್ಗೆ ಏಳ್ತೀನಿ."

ಕಾರು ಹೋದ ಮೇಲೆ ನಾನು, "ಶೆಡ್ ಉಳೀತಲ್ಲ ಸಾಬ್ರೇ," ಎಂದೆ.

"ಉಳೀತು. ನೀವು ಸುಮ್ನಿದ್ದಿದ್ರೆ ಮನೇಗ್ ಹೋಗಿ ಮಲಗ್ತಿದ್ದೆ. ಈಗ ನಾಳೆನೂ ಬರ್ಬೇಕು." ತಮಾಷೆಯೋ ನಿಜವೋ, ಮುಖ ನೋಡಿದರೆ ತಿಳಿಯುವಂತಿರಲಿಲ್ಲ. "ಆ ಬೋಲ್ಟಿನ ಡಬ್ಬ ತನ್ನಿ," ಎಂದರು.

ತಂದು ಗೋಣಿಚೀಲದ ಮೇಲೆ ಅರ್ಧ ಸುರಿದೆ. ಅವರು ಒಂದೊಂದೇ ಬೋಲ್ಟನ್ನು ಎತ್ತಿ ಥ್ರೆಡ್ಡಿನ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಿದ್ದರು. "ಇಂಚು." ಎಡಕ್ಕೆ. "ಮಿಲಿ." ಬಲಕ್ಕೆ. ಸ್ವಲ್ಪ ಹೊತ್ತಿಗೆ ಹೇಳುವುದೂ ನಿಂತಿತು, ಕೈ ಮಾತ್ರ ಅತ್ತಿಂದಿತ್ತ ಹೋಗುತ್ತಿತ್ತು. ಕಣ್ಣು ಮುಚ್ಚಿತ್ತು.

"ನಿದ್ದೆ ಬಂತಾ ಸಾಬ್ರೇ?"

"ಇನ್ನೂ ಎಷ್ಟಿದೆ?"

"ಅರ್ಧ ಡಬ್ಬ."

"ಸುರೀರಿ," ಎಂದರು.