ಮುರಿಗೆಪ್ಪ ವಕೀಲರ ಮಂಡಕ್ಕಿ

ಮುರಿಗೆಪ್ಪ ವಕೀಲರ ಕರಿಕೋಟಿನ ಜೇಬಿನಲ್ಲಿ ಸದಾ ಒಂದು ಹಳೆಯ ಪೇಪರು ಇರುತ್ತಿತ್ತು, ಓದುವುದಕ್ಕಲ್ಲ. ಹೊನ್ನಾಳಿ ಕೋರ್ಟಿನ ಹಿಂದಿನ ಕೋಣೆಯಲ್ಲಿ ಅದನ್ನು ಹಾಸಿ, ಮಂಡಕ್ಕಿ ಸುರಿದು, ಜಗಳಾಡಿಕೊಂಡು ಬಂದ ಎರಡೂ ಕಡೆಯವರನ್ನು ಸುತ್ತ ಕೂರಿಸುತ್ತಿದ್ದರು. "ಮೊದ್ಲು ತಿನ್ರಿ. ಬಾಯಿ ತುಂಬಿದ್ರೆ ಬೈಯಾಕೆ ಆಗಲ್ಲ" ಎನ್ನುವರು.

ಫೀಸು ಕೊಡಲಾಗದವರಿಗೆ ಕಾನೂನು ನೆರವು ಸಮಿತಿ ಗೊತ್ತು ಮಾಡಿದ್ದ ವಕೀಲರು ಅವರು. ಎಂಬತ್ತರ ದಶಕದ ಮೊದಲಲ್ಲಿ ನಾನೂ ಅವರ ಪೇಪರಿನ ಮುಂದೆ ಕೂತೆ. ಪೋಲಿಯೋ ಎಳವೆಯಲ್ಲೇ ನನ್ನ ಕಾಲುಗಳ ಬಲ ತೆಗೆದಿತ್ತು. ಅವ್ವ ಸತ್ತ ಮೇಲೆ ಅಪ್ಪ ಕೆರೆಬಿಳಚಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ನಾನು ಗೋವಿನಕೋವಿಯ ಸೋದರಮಾವನ ಮನೆ ಸೇರಿದ್ದೆ. ನನಗೆ ಹದಿನೆಂಟು ತುಂಬುತ್ತಲೇ ಅಪ್ಪ ಖರ್ಚಿಗೆ ಕಳಿಸುತ್ತಿದ್ದ ಪುಡಿಗಾಸನ್ನೂ ನಿಲ್ಲಿಸಿದ. ಮಾವ ಒಳ್ಳೆಯವನೇ, ಆದರೂ ಊಟಕ್ಕೆ ಕೂತಾಗ ನನ್ನ ತಲೆ ತಾನಾಗಿ ಬಗ್ಗುತ್ತಿತ್ತು. ಅಪ್ಪ ಜೀವನಾಂಶ ಕೊಟ್ಟರೆ ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ನು ಕಲಿತು ನನ್ನ ಅನ್ನ ನಾನೇ ದುಡಿಯಬೇಕು ಎಂಬ ಹಟ ನನ್ನದು.

ನೋಟಿಸಿಗೆ ಅಪ್ಪ ಬರಲಿಲ್ಲ. "ವಯಸ್ಸಿಗೆ ಬಂದ ಮಗಳಿಗೆ ಯಾವ ಕಾನೂನು ಕೊಡಿಸ್ತೈತೆ?" ಎಂದು ಹೇಳಿ ಕಳಿಸಿದ. ಬಸ್ ಚಾರ್ಜು ಸಮಿತಿಯದೇ ಎಂದು ವಕೀಲರು ತಿಳಿಸಿದರು. ಮುಂದಿನ ವಾರವೇ ಹಾಜರು! ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜಾಯಮಾನ ನಮ್ಮಪ್ಪನದಲ್ಲ.

ಸಮಿತಿಯ ಗುಮಾಸ್ತರು ಮಾತ್ರ ಸಿಡಿಮಿಡಿಗೊಂಡರು. "ಅರ್ಜಿ ಹಾಕಿದೋರಿಗಷ್ಟೇ ರೀ ಚಾರ್ಜು. ಎದುರು ಪಾರ್ಟಿಗೆ ಯಾವ ರೂಲ್ಸಲ್ಲಿ ಕೊಡಾಕೆ ಬರ್ತೈತೆ?"

"ಹಂಗಾದ್ರೆ ಈ ಹುಡುಗಿ ಗೋಡೆ ಜೊತೆ ರಾಜಿ ಆಗ್ಬೇಕೇನ್ರಿ?" ಎಂದರು ವಕೀಲರು. ಗುಮಾಸ್ತರು ಗೊಣಗುತ್ತಲೇ ಮಂಜೂರು ಮಾಡಿಸಿದರು.

ಅಪ್ಪ ನನ್ನ ಮುಖ ನೋಡಲಿಲ್ಲ. ಕಿಟಕಿಯತ್ತ ತಿರುಗಿ ತನ್ನ ಖರ್ಚುವೆಚ್ಚ ಹೇಳಿಕೊಳ್ಳುತ್ತಲೇ ಇದ್ದ. ಅವನ ಬೆರಳುಗಳು ಮಾತ್ರ ನನ್ನ ಮುಂದಿನ ಮಂಡಕ್ಕಿಯಿಂದ ಹಸಿ ಈರುಳ್ಳಿ ಆರಿಸಿ ತನ್ನ ಕಡೆ ಎಳೆದುಕೊಳ್ಳುತ್ತಿದ್ದವು.

"ಯಜಮಾನ್ರೇ, ಈರುಳ್ಳಿ ಯಾಕೆ ಆರಿಸ್ತೀರಿ?" ವಕೀಲರು ಮೆಲ್ಲಗೆ ಕೇಳಿದರು.

"ಚಿಕ್ಕೋಳಿದ್ದಾಗ್ಲಿಂದ ಅದಕ್ಕೆ ಸೇರಲ್ರೀ..." ಎಂದ ಅಪ್ಪನ ಕೈ ಮಂಡಕ್ಕಿಯ ಮೇಲೇ ನಿಂತಿತು.

"ದುಡಿಯಾಕೆ ಆಗದ ಮಗಳನ್ನ ವಯಸ್ಸಿಗೆ ಬಂದ್ರೂ ಅಪ್ಪನೇ ನೋಡ್ಕೋಬೇಕು. ಕಾನೂನು ಐತೆ. ಹೊಲಿಗೆ ಮಿಷನ್ ಕಲಿತು ತನ್ನ ಅನ್ನ ತಾನೇ ದುಡೀತಾಳಂತೆ. ಜಡ್ಜ್ ಸಾಹೇಬ್ರ ಹತ್ರ ಹೇಳಿಸ್ಕೊಂಡು ಕೊಡ್ತೀರೋ, ಹಿಂಗೇ ಕೊಡ್ತೀರೋ?"

ಅಪ್ಪ ಇನ್ನೊಂದು ಈರುಳ್ಳಿ ಚೂರು ಆರಿಸಿ ತನ್ನ ಕಡೆ ಇಟ್ಟುಕೊಂಡ. "ತಿಂಗ್ಳಾ ತಿಂಗ್ಳಾ ಕೊಡ್ತೀನಿ. ಎಂಥಾ ಮಿಷನ್ ಬೇಕಂತೆ ಕೇಳ್ರೀ" ಎಂದ.

"ನೀವೇ ಕೇಳ್ರಿ" ಎಂದು ವಕೀಲರು ಎದ್ದು ಹೊರಗೆ ಹೋದರು. ನನಗೆ ಅಳು ತಡೆಯಲಾಗಲಿಲ್ಲ.

ಕೆಲವು ವರ್ಷಗಳ ಮೇಲೆ, ನಾನು ನ್ಯಾಮತಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಗ, ವಕೀಲರು ಹಾಸಿಗೆ ಹಿಡಿದ ಸುದ್ದಿ ಬಂತು. ನೋಡಲು ಹೋದೆ. ಅದೇ ಕೊನೆಯ ಭೇಟಿ. ಕಣ್ಣು ಮಂಜಾಗಿತ್ತು, ದನಿಯಿಂದಲೇ ಗುರುತು ಹಿಡಿದರು.

"ಒಬ್ಬಳೇ ಬಂದೇನವ್ವಾ?"

"ಇಲ್ರೀ, ಅಪ್ಪ ಎತ್ಕೊಂಡು ಬಂದಾನೆ."

ಅವರ ಮುಖ ಅರಳಿತು. "ಹಂಗಾದ್ರೆ ಪೇಪರ್ ಹಾಸು" ಎಂದರು.

ಹಾಸಿದೆ. ಅಪ್ಪ ಆಗಲೇ ಬಾಗಿಲ ಬಳಿ ಕೂತು, ಮಂಡಕ್ಕಿ ಪೊಟ್ಟಣ ಬಿಚ್ಚಿ, ಈರುಳ್ಳಿ ಆರಿಸುತ್ತಿದ್ದ.