ನೆತ್ತಿಗೆ ಒಂದು ಹನಿ ಎಣ್ಣೆ

ಮಗಳು ತನ್ನ ಹದಿನಾರನೇ ಹುಟ್ಟುಹಬ್ಬಕ್ಕೆ ನಮಗೆ ಹಾಕಿದ ಷರತ್ತು ಮೂರು. ಪಾರ್ಟಿ ನಡೆಯುವಾಗ ನಾನೂ ಅವಳಪ್ಪನೂ ಮೇಲಿನ ಮಹಡಿಯಿಂದ ಇಳಿಯಕೂಡದು. ಕೇಕಿನ ಮುಂದೆ ನಾನು ಹಾಡು ಹೇಳಿ ಆರತಿ ಎತ್ತಕೂಡದು. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಕೂಡದು. ಮೊದಲ ಎರಡಕ್ಕೆ ಗೊಣಗಿಕೊಂಡೇ ಒಪ್ಪಿದೆ. ಮೂರನೆಯದಕ್ಕೆ ಮಾತ್ರ ಮೈಯೆಲ್ಲ ಉರಿಯಿತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆವತ್ತು ಸಿಟ್ಟಿನ ಹಿಂದೆಯೇ ಅಳುವೂ ಬಂದು ನಿಂತಿತ್ತು, ಅದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಧಾರವಾಡದ ನಮ್ಮ ಮನೆಯಲ್ಲಿ ಹುಟ್ಟುಹಬ್ಬವೆಂದರೆ ಎಣ್ಣೆ. ಕೇಕು, ಮೇಣದಬತ್ತಿ ಎಲ್ಲ ಯಾರಿಗೆ ಗೊತ್ತಿತ್ತು? ಬೆಳಿಗ್ಗೆ ಎದ್ದ ಕೂಡಲೇ ಅವ್ವ ಮಣೆಯ ಮೇಲೆ ಕೂರಿಸಿ, ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ, ಪಾದ, ಮೊಣಕಾಲು, ಭುಜಗಳಿಗೆ ಮುಟ್ಟಿಸಿ ಕೊನೆಗೆ ನೆತ್ತಿಗೆ ಇಡುತ್ತಿದ್ದಳು. ಒಂದೊಂದು ಸಲಕ್ಕೂ ಒಂದೊಂದು ಹಾರೈಕೆ: ಆಯುಷ್ಯವಂತಳಾಗು, ಭಾಗ್ಯವಂತಳಾಗು, ಹೀಗೆ ನಾಲ್ಕು. ಆಮೇಲೆ ಅಂಗೈ ತುಂಬ ಎಣ್ಣೆ ಹಾಕಿಕೊಂಡು ನೆತ್ತಿ ತಟ್ಟಲು ಶುರು ಮಾಡಿದಳೆಂದರೆ ನನ್ನ ಕಣ್ಣು ತಾವಾಗಿಯೇ ಮುಚ್ಚಿಹೋಗುತ್ತಿದ್ದವು. ಮದುವೆಯಾಗಿ ಅಮೆರಿಕದ ಮಿಲ್ಪಿಟಾಸಿಗೆ ಬಂದ ಮೇಲೆ ನನ್ನ ನೆತ್ತಿಯನ್ನು ಯಾರೂ ಮುಟ್ಟಿಲ್ಲ. ನನ್ನ ಹುಟ್ಟುಹಬ್ಬಕ್ಕೆ ಗಂಡ ಹೂವು ತರುತ್ತಾನೆ, ಹೊರಗೆ ಊಟಕ್ಕೆ ಕರೆದೊಯ್ಯುತ್ತಾನೆ, ಪಾಪ. ಮಂಡ್ಯದ ಕಡೆಯವನು, ಅವನ ಮನೆಯಲ್ಲಿ ಈ ಪದ್ಧತಿ ಇಲ್ಲ. ಬಾ, ತಲೆಗೆ ಎಣ್ಣೆ ಹಚ್ಚು ಎಂದು ಅವನಿಗೆ ಹೇಗೆ ಹೇಳುವುದು? ಹಾಗಾಗಿ ಮಗಳಿಗೆ ಹಚ್ಚುವಾಗ ನಾನೇ ಹಚ್ಚಿಸಿಕೊಂಡಷ್ಟು ಸಮಾಧಾನವಾಗುತ್ತಿತ್ತು.

ಹದಿನಾಲ್ಕನೆಯದಕ್ಕೆ ಸ್ಕೂಲಿಗೆ ಲೇಟಾಗುತ್ತದೆ ಅಂದಳು. ಹದಿನೈದನೆಯದಕ್ಕೆ ರೂಮಿನ ಬಾಗಿಲನ್ನೇ ತೆರೆಯಲಿಲ್ಲ. ಈಗ ನನಗಿಂತ ಒಂದು ಗೇಣು ಎತ್ತರ ಬೆಳೆದಿದ್ದಾಳೆ. ಎದುರು ನಿಂತರೆ ನನಗೆ ಅವಳ ಗದ್ದ ಕಾಣುತ್ತದೆ, ನೆತ್ತಿ ಕಾಣುವುದಿಲ್ಲ. ಹದಿನಾರಕ್ಕಾದರೂ ಕೂರುತ್ತಾಳೆ ಎಂದು ಆಸೆ ಇಟ್ಟುಕೊಂಡಿದ್ದೆ. ಇನ್ನೆರಡು ವರ್ಷಕ್ಕೆ ಕಾಲೇಜು, ಆಮೇಲೆ ಯಾವ ಊರೋ, ಯಾವ ಹಾಸ್ಟೆಲ್ಲೋ. ಆದರೆ ಅವಳು ಹಿಂದಿನ ಸಂಜೆಯೇ ಗೆಳತಿಯ ಮನೆಗೆ ಹೋಗಿ ಗಂಟೆಗಟ್ಟಲೆ ಕೂತು ಕೂದಲನ್ನು ನೆಟ್ಟಗೆ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದಳು. ಒಂದು ಹನಿ ಎಣ್ಣೆ ಬಿದ್ದರೂ ಎಲ್ಲ ಅಂಟಿಕೊಂಡು ಹಾಳಾಗುತ್ತದಂತೆ.

ಅವಳ ಗೆಳತಿಯರಲ್ಲಿ ಕೆಲವರು ಎವರ್‌ಗ್ರೀನ್ ಎಂಬ ಸಿರಿವಂತರ ಬಡಾವಣೆಯ ಗುಡ್ಡದ ಮೇಲಿನವರು. ಅಲ್ಲಿ ಹದಿನಾರು ತುಂಬಿತೆಂದರೆ ಒಂದು ಸಣ್ಣ ಮದುವೆಯೇ: ಬಾಡಿಗೆಯ ಹಾಲ್, ಡಿಜೆ, ಹೀಗೆ ನಿಲ್ಲು ಹಾಗೆ ತಿರುಗು ಎನ್ನುವ ಫೋಟೋಗ್ರಾಫರು. ಆ ವರ್ಷ ನಮ್ಮ ಮನೆಯಲ್ಲಿ ಒಂದೇ ಸಂಬಳ. ನಾಲ್ಕು ಕಡೆ ಬಾಡಿಗೆ ವಿಚಾರಿಸಿ ಸುಮ್ಮನಾದೆವು. ಮಗಳಿಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದರೆ, ನಮ್ಮ ಗ್ಯಾರೇಜೇ ಸಾಕು ಎಂದು ಅವಳೇ ಅಂದಳು. ಸುಳ್ಳು ಹೇಳಬಾರದು, ಆ ವಿಷಯದಲ್ಲಿ ಹುಡುಗಿ ಬಂಗಾರ. ಗಂಡ ಕಾರುಗಳನ್ನು ರಸ್ತೆಗೆ ಸರಿಸಿ ನೆಲ ತೊಳೆದ. ಡಬ್ಬ, ಸುತ್ತಿಗೆ, ಹಳೆಯ ಸೈಕಲ್ ಇದ್ದ ಗೋಡೆಯನ್ನು ಮುಚ್ಚಲು ಮಗಳು ನನ್ನ ಇಳಕಲ್ ಸೀರೆಗಳನ್ನು ಕೇಳಿ ತೆಗೆದುಕೊಂಡು ಹೋದಳು. ಮೇಲೆ ದೀಪದ ಸರ ಬಿಟ್ಟ ಮೇಲೆ ಗ್ಯಾರೇಜು ಎಷ್ಟು ಚೆನ್ನಾಗಿ ಕಂಡಿತೆಂದರೆ, ಅಲ್ಲಿಗೆ ನನ್ನ ಸೀರೆಗಳಿಗೆ ಪ್ರವೇಶವಿದೆ, ನನಗಿಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಬೆಳಿಗ್ಗೆ ಅಡುಗೆಮನೆಯಲ್ಲಿದ್ದಾಗ ಅವ್ವನ ಫೋನು ಬಂತು. ಮೊಮ್ಮಗಳಿಗೆ ಆಶೀರ್ವಾದ ತಿಳಿಸು ಎನ್ನುವುದಕ್ಕೂ ಮೊದಲು ಅವ್ವ ಕೇಳಿದ್ದು ಒಂದೇ.

"ಹುಡಿಗಿ ತಲಿಗೆ ಎಣ್ಣಿ ಹಚ್ಚಿದೇನ?"

"ಹೂಂ, ಹಚ್ಚೀನವ್ವಾ," ಅಂದೆ.

ಎರಡು ವರ್ಷದಿಂದ ಅದೇ ಸುಳ್ಳು. ಅವ್ವನಿಗೆ ಎಷ್ಟು ಖುಷಿಯಾಯಿತೆಂದರೆ, ಹುಡುಗಿ ಅತ್ತಳೇನು, ಕಣ್ಣಿಗೆ ಎಣ್ಣೆ ಇಳಿಯಿತೇನು ಎಂದೆಲ್ಲ ಕೇಳಿದಳು. ನಾನು ಸುಳ್ಳಿಗೆ ಇನ್ನಷ್ಟು ಸುಳ್ಳು ಪೋಣಿಸಿದೆ.

ಊಟದ ಕಥೆ ಬೇರೆ. ಅಷ್ಟು ಮಕ್ಕಳ ಹೊಟ್ಟೆ ತುಂಬುವಷ್ಟು ಪಿಜ್ಜಾ ತರಿಸುವುದು ನಮ್ಮ ಕೈಯಲ್ಲಾಗದ ಮಾತು. ಸ್ವಲ್ಪ ಪಿಜ್ಜಾ, ಉಳಿದದ್ದು ಮಂಡಕ್ಕಿಯ ಗಿರಮಿಟ್ಟು ಎಂದು ತೀರ್ಮಾನವಾಯಿತು. ಇಂಡಿಯನ್ ಗ್ರೋಸರಿಯಿಂದ ಮೂಟೆಯಷ್ಟು ಚುರಮುರಿ ತಂದೆ. ಹುಣಸೆಹಣ್ಣು, ಬೆಲ್ಲ ಹಾಕಿ ಈರುಳ್ಳಿಯ ಗೊಜ್ಜು ಕುದಿಸಿದೆ, ಹುರಿಗಡಲೆಯ ಪುಟಾಣಿ ಹಿಟ್ಟು ಮಾಡಿದೆ, ಕೊತ್ತಂಬರಿ ಹೆಚ್ಚಿದೆ. ಗಿರಮಿಟ್ಟನ್ನು ತಿನ್ನುವವರು ಮುಂದೆ ಬಂದು ನಿಂತ ಮೇಲೆಯೇ ಕಲಸಬೇಕು. ಧಾರವಾಡದಲ್ಲಿ ಸಣ್ಣ ಮಗುವಿಗೂ ಗೊತ್ತಿರುವ ಸಂಗತಿ ಇದು. ಆದರೆ ನನಗೆ ಕೆಳಗೆ ಇರಲು ಅಪ್ಪಣೆ ಇಲ್ಲವಲ್ಲ! ಗೆಳತಿಯರು ಬರುವ ಮೊದಲೇ ದೊಡ್ಡ ಬೋಗುಣಿಯಲ್ಲಿ ಎಲ್ಲವನ್ನೂ ಕಲಸಿ, ಮುಚ್ಚಳ ಮುಚ್ಚಿ, ನಿಮ್ಮ ರಾಜ್ಯ ನಿಮಗೇ ಇರಲಿ ಎಂದು ಮುಖ ಊದಿಸಿಕೊಂಡು ಮೆಟ್ಟಿಲು ಹತ್ತಿದೆ. ಕಲಸುವಾಗಲೇ ಕೈಗೆ ಗೊತ್ತಾಗಿತ್ತು, ಇದು ಗರಿಗರಿಯಾಗಿ ನಿಲ್ಲುವುದಿಲ್ಲ ಎಂದು. ಹಟ ಬಿಡಲಿಲ್ಲ.

ಮಕ್ಕಳು ತಡವಾಗಿ ಬಂದರು. ನಾನು ಮಂಚದ ಅಂಚಿನಲ್ಲಿ ಕೂತು ಕೆಳಗಿನ ಸದ್ದು ಕೇಳುತ್ತಿದ್ದೆ. ನಗು ಕೇಳಿಸುತ್ತಿತ್ತು, ಅದರಲ್ಲಿ ನನ್ನ ಮಗಳದು ಯಾವುದೆಂದು ತಿಳಿಯುತ್ತಿರಲಿಲ್ಲ. ಎದ್ದು ಬಾಗಿಲವರೆಗೆ ಹೋಗುವುದು, ವಾಪಸು ಬರುವುದು, ಇದೇ ಆಯಿತು. ಲ್ಯಾಪ್‌ಟಾಪ್ ನೋಡುತ್ತಿದ್ದ ಗಂಡ ತಲೆ ಎತ್ತದೆ, "ಸುಮ್ಕೆ ಕೂತ್ಕೊ, ಅವ್ರೇ ನೋಡ್ಕತಾರೆ ಬುಡು," ಅಂದ. ಕೂತೆ. ಹುಟ್ಟಿದ ದಿನ ಇವಳನ್ನು ನನ್ನ ಎದೆಯ ಮೇಲೆ ಮಲಗಿಸಿದ್ದರು. ಅದೇ ದಿನದ ಹಬ್ಬಕ್ಕೆ ಈಗ ನಾನು ಮಹಡಿಯ ಮೇಲೆ ಕಾವಲು ಕೂರಬೇಕಾಯಿತಲ್ಲ!

ಸ್ವಲ್ಪ ಹೊತ್ತಿಗೆ ಮಗಳೇ ಬಾಗಿಲಲ್ಲಿ ನಿಂತಿದ್ದಳು. ಪಿಜ್ಜಾ ಆಗಲೇ ಖಾಲಿಯಂತೆ. ಬೋಗುಣಿಯ ಮುಚ್ಚಳ ತೆಗೆದರೆ ಗಿರಮಿಟ್ಟು ನೆನೆದು ಮುದ್ದೆಯಾಗಿದೆಯಂತೆ. ಎಲ್ಲರಿಗೂ ಹಸಿವಂತೆ. ಹೇಳುತ್ತ ಹೇಳುತ್ತ ಕಣ್ಣಂಚು ಕೆಂಪಾಯಿತು.

"ಅಮ್ಮಾ, ಕ್ಯಾನ್ ಯು ಕಮ್? ಪ್ಲೀಸ್."

ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಪುಣ್ಯಕ್ಕೆ ಚುರಮುರಿ ಅರ್ಧ ಚೀಲ ಉಳಿದಿತ್ತು, ಗೊಜ್ಜೂ ಇತ್ತು. ಗ್ಯಾರೇಜಿನ ಮೇಜಿನ ಹಿಂದೆ ನಿಂತು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕೈಯಲ್ಲೇ ಕಲಸಿ, ಮೇಲೊಂದು ಧಾರೆ ಹಸಿ ಶೇಂಗಾ ಎಣ್ಣೆ ಬಿಟ್ಟು ಕೊಟ್ಟೆ. ಮಗಳು ಪಕ್ಕದಲ್ಲಿ ನಿಂತು ಕಾಗದದ ಕಪ್ಪು ಹಿಡಿದಳು. ಒಬ್ಬ ಹುಡುಗಿ ಖಾರಕ್ಕೆ ಕೆಮ್ಮಿದಳು, ಇನ್ನಿಬ್ಬರು ಕಪ್ಪನ್ನು ಹಾಗೇ ಇಟ್ಟು ಚಿಪ್ಸಿನ ಕಡೆ ಹೋದರು, ಉಳಿದವರು ತಿಂದರು. ಯಾರೋ ಫೋಟೋ ಎಂದರು. ಮಗಳು ನನ್ನ ಭುಜಕ್ಕೆ ತಲೆ ಆನಿಸಿದಳು. ಎಷ್ಟು ದಿನವಾಗಿತ್ತೋ! ಆ ಕೂದಲು ನನ್ನ ಕೆನ್ನೆಗೆ ತಾಗಿತು. ಎಣ್ಣೆ ಮೆತ್ತಿದ ಕೈಯನ್ನು ಮಾತ್ರ ನಾನು ದೂರಕ್ಕೆ, ಗಾಳಿಯಲ್ಲಿ ಹಿಡಿದುಕೊಂಡೇ ನಿಂತೆ. ಫೋಟೋ ಆದ ಮೇಲೆ ಹೆಚ್ಚು ಮಾತಾಡದೆ ಮೇಲಕ್ಕೆ ಹೋದೆ. ಮಾತೆಂದರೆ ಮಾತು.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಗೆಳತಿಯನ್ನು ಅವಳಮ್ಮ ಬಂದು ಕರೆದೊಯ್ದಳು. ನಾನು ಮೇಜು ಒರೆಸಲು ಬಂದೆ. ಮಗಳು ಗ್ಯಾರೇಜಿನಿಂದ ಮನೆಯೊಳಗೆ ಹೋಗುವ ಕೆಳಗಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಉಳಿದ ಗಿರಮಿಟ್ಟು ತಿನ್ನುತ್ತಿದ್ದಳು. ಅವಳು ಕೂತಿದ್ದಳು, ನಾನು ನಿಂತಿದ್ದೆ. ಮೂರು ವರ್ಷದ ಮೇಲೆ ಅವಳ ನೆತ್ತಿ ಕಂಡಿತು. ಹುಟ್ಟಿದಾಗ ಇದ್ದ ಎರಡು ಸುಳಿ ಹಾಗೇ ಇದ್ದವು. ನಾನು ಬಟ್ಟೆ ಹಿಡಿದು ನೋಡುತ್ತ ನಿಂತುಬಿಟ್ಟೆ.

ಅವಳು ಕಪ್ಪಿನಿಂದ ಕಣ್ಣೆತ್ತದೆ ಕೇಳಿದಳು, "ಅಜ್ಜಿಗೆ ಯಾಕೆ ಸುಳ್ಳು ಹೇಳ್ದೆ? ಐ ಹರ್ಡ್ ಯು."

ಅವ್ವ ನೊಂದುಕೊಳ್ಳುತ್ತಾಳೆ ಎಂದೆ. ಆಮೇಲೆ, ಅವ್ವನ ಮಾತಿರಲಿ, ನನಗೇ ಆಸೆಯಿತ್ತು ಎಂದೂ ಹೇಳಿಬಿಟ್ಟೆ.

ಅವಳು ಕಪ್ಪನ್ನು ಪಕ್ಕಕ್ಕಿಟ್ಟಳು. "ಓಕೆ. ಈಗ ಹಚ್ಚು. ಆಗ ಸುಳ್ಳಾಗಲ್ಲ. ಒಂದೇ ಡ್ರಾಪ್."

ಒಳಗೆ ಹೋಗಿ ಎಣ್ಣೆ ಬಟ್ಟಲು, ಮಣೆ ತರಬೇಕೆನಿಸಿತು. ತರುವಷ್ಟರಲ್ಲಿ ಎದ್ದುಹೋದರೆ? ಇದ್ದಲ್ಲಿಂದ ಅಲುಗಾಡಲಿಲ್ಲ. ಮೇಜಿನ ಮೇಲೆ ಗಿರಮಿಟ್ಟಿಗೆ ಇಟ್ಟಿದ್ದ ಶೇಂಗಾ ಎಣ್ಣೆ ಉಳಿದಿತ್ತು. ಗರಿಕೆ ಎಲ್ಲಿಂದ ಬರಬೇಕು, ಒಂದು ಕೊತ್ತಂಬರಿ ಕಡ್ಡಿ ತೆಗೆದುಕೊಂಡು ಅದ್ದಿದೆ. ಪಾದಕ್ಕೆ ಮುಟ್ಟಿಸಿ ಆಯುಷ್ಯವಂತಳಾಗು ಅಂದೆ. ಮೊಣಕಾಲಿಗೆ, ಭಾಗ್ಯವಂತಳಾಗು. ಭುಜಕ್ಕೆ ಬರುವಾಗ ಮೂರನೆಯ ಹಾರೈಕೆ ಮರೆತೇಹೋಗಿತ್ತು. ನನಗೆ ಯಾರಾದರೂ ಅದನ್ನು ಹೇಳಿ ಎಷ್ಟೋ ವರ್ಷವಾಯಿತು, ನಾನು ಹೇಳಿಯೂ ಮೂರು ವರ್ಷವಾಯಿತು, ಎಲ್ಲಿಂದ ನೆನಪಿರಬೇಕು? ಬಾಯಿಗೆ ಬಂದದ್ದನ್ನು ಹೇಳಿದೆ: ಹಸಿವಾದಾಗ ಉಣ್ಣು, ಆಗಾಗ ಮನೆಗೆ ಬಾ. ಕೊನೆಗೆ ಕಡ್ಡಿಯನ್ನು ನೆತ್ತಿಗೆ ಇಟ್ಟೆ. ಒಂದೇ ಹನಿ, ಮಾತಿನಂತೆ. ಅದರ ಮೇಲೆ ಅಂಗೈ ಇಟ್ಟೆ. ನೆತ್ತಿ ಬೆಚ್ಚಗಿತ್ತು.

"ಮುಗೀತಾ?" ಅಂದಳು.

ಮುಗಿದಿತ್ತು.

"ಇನ್ನೂ ಇಲ್ಲ," ಅಂದೆ.